ಅಕ್ಕ ತಲೆಗೆ ನೀರು ಹಾಕಿಕೊಂಡ ಬೆಳಿಗ್ಗೆ

ದಸರಾ ರಜೆ ಶುರುವಾದ ಗುರುವಾರ ನಾನು ಬಂಗಾರಪೇಟೆಯಿಂದ ಮಧ್ಯಾಹ್ನದ ರೈಲು ಹತ್ತಿ ಮಾರಿಕುಪ್ಪಂನಲ್ಲಿ ಇಳಿದೆ. ಅಕ್ಕ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಸ್ಟೇಷನ್ನಿನ ಬೇಲಿಯ ಹತ್ತಿರ ನಿಂತಿದ್ದಳು. ಮಗುವಿಗೆ ಆಗ ಮೂರು ವರ್ಷ. ನನ್ನನ್ನು ಕಂಡದ್ದೇ ಅಕ್ಕನ ಕತ್ತಿನಲ್ಲಿ ಮುಖ ಮುಚ್ಚಿಕೊಂಡಿತು. ಅಮ್ಮ ಕೊಟ್ಟು ಕಳಿಸಿದ್ದ ಹುರಿಗಡಲೆಯ ಪೊಟ್ಟಣ ತೆಗೆದ ಮೇಲೆ ಒಂದು ಕಣ್ಣು ಹೊರಗೆ ಬಂತು.

ಅಲ್ಲಿಂದ ಗಣಿ ಕೆಲಸದವರ ಲೈನಿಗೆ ಕಾಲು ಗಂಟೆಯ ನಡಿಗೆ. ಒಂದಕ್ಕೊಂದು ಬೆನ್ನು ಆನಿಸಿಕೊಂಡ ಒಂಟಿ ಕೋಣೆಯ ಮನೆಗಳು, ಸಾಲಿನ ಕೊನೆಗೆ ಒಂದು ನಲ್ಲಿ. ದಾರಿಯುದ್ದಕ್ಕೂ ಅಕ್ಕ ಮಾತಾಡಿದ್ದು ಆಂಡರ್ಸನ್‌ಪೇಟೆಯಲ್ಲಿ ಕೊಂಡ ಬದನೆಕಾಯಿಯಲ್ಲಿ ಹುಳ ಇತ್ತು ಎಂಬ ವಿಷಯ. ಅದಕ್ಕಿಂತ ದೊಡ್ಡ ಕಷ್ಟ ಅವತ್ತು ಅವಳಿಗೆ ಇರಲಿಲ್ಲ.

ಭಾವ ಕೆಲಸ ಮುಗಿಸಿ ಬಂದಾಗ ಮುಖದ ಮೇಲೆ ಬೂದಿ ಬಣ್ಣದ ಧೂಳು ಕೂತಿತ್ತು, ಕಣ್ಣ ಸುತ್ತ ಮಾತ್ರ ಚರ್ಮ ಕಾಣುತ್ತಿತ್ತು. ಅವರು ಬೇತಮಂಗಲದ ಕಡೆಯ ಹಳ್ಳಿಯವರು. ಕುರಿ ಕಾಯುವುದನ್ನು ಬಿಟ್ಟು ಗಣಿಗೆ ಬಂದಿದ್ದರು. ನನ್ನನ್ನು ರೇಗಿಸುವುದು ಅವರಿಗೆ ಊಟದಷ್ಟೇ ಇಷ್ಟ. ಸ್ಕೂಲಿನಲ್ಲಿ ಏನು ಹೇಳಿಕೊಟ್ಟರು ಎಂದು ಕೇಳಿದರು.

ನಾನು ಹೇಳಿದೆ. ನಮ್ಮ ಲೆಕ್ಕದ ಮೇಷ್ಟ್ರು ಆ ವರ್ಷ ಕೊನೆಯ ತರಗತಿಯ ನಮಗೆ ಹೊಸ ಬಗೆಯ ಪ್ರಶ್ನೆಗಳನ್ನು ಕೊಡುತ್ತಿದ್ದರು. ಮುಂದೆ ಗುಮಾಸ್ತರ ಕೆಲಸಕ್ಕೋ ಟೀಚರ್ ಟ್ರೈನಿಂಗಿಗೋ ಹೋಗುವವರಿಗೆ ಬೇಕಾಗುತ್ತದೆ ಎಂದು ಯಾವುದೋ ಇಂಗ್ಲಿಷ್ ಪುಸ್ತಕ ನೋಡಿ ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆಯುತ್ತಿದ್ದರು. ಒಬ್ಬನು ಒಂದು ಕಾರಣ ಹೇಳುತ್ತಾನೆ. ಅವನ ವಾದ ಎಲ್ಲಿ ಸಡಿಲವಾಗಿದೆ? ಏನು ಹೇಳಿದರೆ ಅದು ದುರ್ಬಲವಾಗುತ್ತದೆ? ಆ ವಾರದ ಪ್ರಶ್ನೆ ನನ್ನನ್ನು ನೋಡಿಕೊಂಡೇ ಬರೆದದ್ದು, ಏಕೆಂದರೆ ನಮ್ಮಪ್ಪ ರೈಲ್ವೆ ಗೇಟು ಕಾಯುತ್ತಿದ್ದರು: 'ಪ್ರತಿ ಸಲ ಗೇಟು ಮುಚ್ಚಿದ ಮೇಲೆಯೇ ರೈಲು ಬರುತ್ತದೆ. ಆದ್ದರಿಂದ ಗೇಟು ಮುಚ್ಚುವುದೇ ರೈಲು ಬರಲು ಕಾರಣ.'

ಭಾವ ಮುದ್ದೆಯ ಕೈಯನ್ನು ಅಲ್ಲೇ ನಿಲ್ಲಿಸಿ ಯೋಚಿಸಿದರು. "ಅಂಗಾರೆ ನಮ್ ಮಾವ ಒಂದಿನ ಗೇಟ್ ಮುಚ್ದಲೆ ಮಲಿಕ್ಕೊಂಡ್ರೆ ಮದ್ರಾಸ್ ರೈಲು ಮದ್ರಾಸ್‌ನಾಗೇ ನಿಂತ್ಕೊತದೆ ಅನ್ನು. ಇಷ್ಟ್ ದೊಡ್ ಮನ್ಸ ಅಂತ ಗೊತ್ತಿದ್ರೆ ಮದ್ವೇನಾಗೆ ಇನ್ನೊಂದ್ ಸಲ ಕಾಲಿಗ್ ಬೀಳ್ತಿದ್ದೆ ಕಣಮ್ಮಿ."

ಅಕ್ಕ ನಕ್ಕು ಸಾರಿನ ಸೌಟನ್ನು ಪಾತ್ರೆಯೊಳಗೆ ಬೀಳಿಸಿದಳು. ಮಗುವಿಗೆ ಏನೂ ತಿಳಿಯದಿದ್ದರೂ ಅಪ್ಪನನ್ನು ನೋಡಿಕೊಂಡು ನಕ್ಕಿತು. ಅದು ಕನ್ನಡ ನಾಡು ಒಂದಾಗಿ ಹೊಸ ರಾಜ್ಯವಾಗುವ ಹಿಂದಿನ ವರ್ಷ. ಅಕ್ಕನಿಗೆ ಆಗ ಇಪ್ಪತ್ತೊಂದು.

ಮಾರನೆಯ ದಿನ ಶುಕ್ರವಾರ. ಭಾವ ಏಳು ಗಂಟೆಯ ಪಾಳಿಗೆ ಹೋದರು.

ಲೈನಿನ ಹೆಂಗಸರಿಗೆ ಒಂದು ಕಟ್ಟುಪಾಡು ಇತ್ತು. ಗಂಡ ಶಾಫ್ಟಿನೊಳಗೆ ಇಳಿದ ಮೇಲೆ ಮತ್ತೆ ಮೇಲೆ ಬರುವ ತನಕ ಹೆಂಡತಿ ತಲೆಗೆ ನೀರು ಹಾಕಿಕೊಳ್ಳಬಾರದು. ಹೆಣ ಎತ್ತಿದ ಮೇಲೆ ಮನೆಯವರು ತಲೆಗೆ ನೀರು ಹಾಕಿಕೊಳ್ಳುತ್ತಾರಲ್ಲ, ಅದಕ್ಕೆ. ಕನ್ನಡದವರು, ತಮಿಳರು, ತೆಲುಗರು ಎಲ್ಲರೂ ಇದನ್ನು ಹೇಳುತ್ತಿದ್ದರು. ಆದರೆ ಬೇತಮಂಗಲದ ಕೆರೆಯಿಂದ ಬರುವ ನೀರು ಆ ಸಾಲಿನ ನಲ್ಲಿಗೆ ದಿನ ಬಿಟ್ಟು ದಿನ, ಬೆಳಿಗ್ಗೆ ಎಂಟೂವರೆಯ ಮೇಲೆ, ಒಂದು ಗಂಟೆಯ ಹೊತ್ತು ಮಾತ್ರ ಬರುತ್ತಿತ್ತು. ಗಂಡ ಮೇಲೆ ಬರುವ ಹೊತ್ತಿಗೆ ಬಿಂದಿಗೆಯಲ್ಲಿ ಕುಡಿಯುವಷ್ಟು ನೀರು ಇದ್ದರೆ ಹೆಚ್ಚು. ಹೀಗಾಗಿ ನೀರು ಬಂದ ಶುಕ್ರವಾರ ಸಾಲಿನ ಹೆಂಗಸರೆಲ್ಲ ತಲೆಗೆ ಹಾಕಿಕೊಳ್ಳುತ್ತಿದ್ದರು, ಹಾಕಿಕೊಂಡು ಒದ್ದೆ ಕೂದಲಿಗೆ ಬಟ್ಟೆ ಬಿಗಿದು ಸೆರಗು ಹೊದೆಯುತ್ತಿದ್ದರು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಇಡೀ ಸಾಲಿಗೆ ಸೀಗೆಕಾಯಿಯ ವಾಸನೆ ಬರುತ್ತಿತ್ತು.

ಅವತ್ತು ಅಕ್ಕ ಮಣೆಯ ಮೇಲೆ ಕೂತು ಜಡೆ ಬಿಚ್ಚಿದ್ದಳು. ನಾನು ಅಡುಗೆಯ ಮೂಲೆಯಿಂದ ಬಿಸಿ ನೀರು ತರುತ್ತಿದ್ದೆ. ಆಗ ಮನೆ ಅದುರಿತು. ಕಾಲ ಕೆಳಗಿನಿಂದ ಯಾರೋ ಗುದ್ದಿದ ಹಾಗೆ ಒಂದೇ ಸಲ. ಹಲಗೆಯ ಮೇಲಿದ್ದ ಸಕ್ಕರೆ ಡಬ್ಬಿಯ ಮುಚ್ಚಳ ಕೆಳಗೆ ಬಿದ್ದು ಉರುಳಿತು. ನೆಲದಾಳದಲ್ಲಿ ಬಂಡೆ ಒತ್ತಡಕ್ಕೆ ಸಿಡಿದಾಗ ಹಾಗೆ ಆಗುತ್ತದೆ. ಲೈನಿನವರು ಅದನ್ನು ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ತಿಂಗಳಲ್ಲಿ ಎಷ್ಟೋ ಸಲ ಆಗುತ್ತಿತ್ತು, ಬಹಳ ಸಲ ಏನೂ ಆಗುತ್ತಿರಲಿಲ್ಲ. ಹೆಂಗಸರು ಬಾಗಿಲಿಗೆ ಬಂದು ಶಾಫ್ಟಿನ ಕಡೆ ನೋಡುವರು. ಅಪಘಾತ ಸಾರುವ ಗಣಿಯ ಸೈರನ್ನಿಗೆ ಸಂಗು ಎನ್ನುತ್ತಿದ್ದರು. ಅದು ಕೂಗದಿದ್ದರೆ ಒಳಗೆ ಹೋಗುವರು. ಅವತ್ತೂ ಹಾಗೆಯೇ ನೋಡಿದರು. ಸಂಗು ಕೂಗಲಿಲ್ಲ. ಅಕ್ಕ ಮತ್ತೆ ಮಣೆಯ ಮೇಲೆ ಕೂತಳು. ಮೊದಲ ಚೊಂಬು ನೀರು ಅವಳ ತಲೆಯ ಮೇಲೆ ಸುರಿದವಳು ನಾನು.

ಸಂಗು ಕೂಗಿದ್ದು ಅರ್ಧ ಗಂಟೆಯ ಮೇಲೆ. ಬೇರೆ ಹೆಂಗಸರು ತಲೆಗೆ ಬಟ್ಟೆ ಬಿಗಿದುಕೊಂಡು ಓಡಿದರು. ಅಕ್ಕ ಇದ್ದ ಹಾಗೆಯೇ ಓಡಿದಳು, ಕೂದಲು ಬೆನ್ನ ಮೇಲೆ ಹರಡಿ ನೀರು ತೊಟ್ಟಿಕ್ಕುತ್ತಿತ್ತು. ನಾನು ಮಗುವನ್ನು ಎತ್ತಿಕೊಂಡು ಹಿಂದೆ ಹೋದೆ. ಶಾಫ್ಟಿನ ಗೇಟಿನ ಮುಂದೆ ನೂರಾರು ಜನ ಇದ್ದರು. ಅವರೆಲ್ಲರಲ್ಲಿ ಕೂದಲು ಬಿಟ್ಟುಕೊಂಡು ನಿಂತವಳು ಅವಳೊಬ್ಬಳೇ. ಭಾವನನ್ನೂ ಬೇರೆ ಲೈನಿನ ಇನ್ನಿಬ್ಬರನ್ನೂ ಮಧ್ಯಾಹ್ನದ ಮೇಲೆ ತಂದರು. ಸಂಜೆಯ ಬಸ್ಸಿಗೆ ಹಳ್ಳಿಯಿಂದ ಅಕ್ಕನ ಅತ್ತೆ ಬಂದಾಗ ಕೂದಲ ಬುಡ ಇನ್ನೂ ಆರಿರಲಿಲ್ಲ. ಆಕೆ ಮಗನ ಪಕ್ಕದಲ್ಲಿ ಬಿದ್ದು ಅತ್ತಳು. ಅತ್ತು ಎದ್ದು ಸೊಸೆಯನ್ನು ತಬ್ಬಿಕೊಳ್ಳಲು ಬಂದವಳು ತಲೆಯ ಮೇಲೆ ಕೈಯಿಟ್ಟಳು. ಕೈಯನ್ನು ಮೂಗಿನ ಹತ್ತಿರ ಹಿಡಿದಳು. ಅದಾದ ಮೇಲೆ ಆಕೆ ಅಕ್ಕನನ್ನು ಮುಟ್ಟಲಿಲ್ಲ.

ಕರ್ಮಕ್ಕೆಂದು ಅಕ್ಕನನ್ನೂ ಮಗುವನ್ನೂ ಹಳ್ಳಿಗೆ ಕರೆದುಕೊಂಡು ಹೋದರು. ಹನ್ನೊಂದನೆಯ ದಿನದ ಹೊತ್ತಿಗೆ ಅಲ್ಲಿ ಎಲ್ಲರಿಗೂ ಕಾರಣ ಗೊತ್ತಾಗಿತ್ತು. ಗಂಡನನ್ನು ಕೆಳಗೆ ಕಳಿಸಿ ತಲೆಗೆ ನೀರು ಹಾಕಿಕೊಂಡಳು, ಅದಕ್ಕೇ ಬಂಡೆ ಬಿತ್ತು. ಅತ್ತೆ ಇನ್ನೆರಡು ಉದಾಹರಣೆಗಳನ್ನೂ ಹೇಳುತ್ತಿದ್ದಳಂತೆ. ಯಾರೋ ಒಬ್ಬಳು ಹೀಗೆ ಮಾಡಿದ ದಿನ ಗಂಡನ ಕಾಲು ಹೋಯಿತು, ಇನ್ನೊಬ್ಬಳ ಗಂಡ ಏಣಿಯಿಂದ ಬಿದ್ದ. ಇದನ್ನೆಲ್ಲ ನಮ್ಮಪ್ಪನಿಗೆ ಹೇಳಿದವರು ಒಂದು ಸುದ್ದಿಯನ್ನೂ ಸೇರಿಸಿದರು. ಇಂಥವಳ ಕೈಯಲ್ಲಿ ಮಗುವನ್ನು ಬಿಡುವುದಿಲ್ಲವಂತೆ. ಮಗು ಅಜ್ಜಿಯ ಹತ್ತಿರವೇ ಬೆಳೆಯಬೇಕು, ಅಕ್ಕ ತವರಿಗೆ ಹೋಗಬಹುದು. ಒಂದು ತಿಂಗಳಿಗೆ ಹಿರಿಯರನ್ನು ಸೇರಿಸಿ ತೀರ್ಮಾನ ಮಾಡುತ್ತಾರಂತೆ.

ಅಮ್ಮ ಅತ್ತಳು. ಅಪ್ಪ ಗೇಟಿನ ಕಂಬಕ್ಕೆ ಒರಗಿಕೊಂಡು ಬೀಡಿ ಸೇದಿದರು. ನನಗೆ ಅಳು ಬರಲಿಲ್ಲ. ನನಗೆ ಬಂದದ್ದು ಇಂದಿಗೂ ಹೋಗದ ಸಿಟ್ಟು. ಆ ಸಿಟ್ಟಿನ ಜೊತೆಗೆ, ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಒಂದು ಬಗೆಯ ಧೈರ್ಯವೂ ಇತ್ತು. ಇದು ನನಗೆ ಬರುವ ಲೆಕ್ಕ ಎಂದುಕೊಂಡೆ. ಮೇಷ್ಟ್ರ ಆ ಪ್ರಶ್ನೆಗಳಲ್ಲಿ ತರಗತಿಗೆ ನಾನೇ ಮುಂದು. ಕಾರಣ ಎನ್ನುವುದು ಕಾರ್ಯಕ್ಕಿಂತ ಮೊದಲು ಬರಬೇಕು. ನೆಲ ಅದುರಿದ್ದು ಮೊದಲು, ನೀರು ಹಾಕಿದ್ದು ಆಮೇಲೆ. ಇದಕ್ಕೆ ನಾನೇ ಸಾಕ್ಷಿ, ಚೊಂಬು ನನ್ನ ಕೈಯಲ್ಲಿತ್ತು. ಎರಡನೆಯದು, ಅವತ್ತು ಇಡೀ ಸಾಲು ತಲೆಗೆ ನೀರು ಹಾಕಿಕೊಂಡಿತ್ತು, ಅವರ ಗಂಡಂದಿರೆಲ್ಲ ಸಂಜೆ ಮನೆಗೆ ಬಂದು ಉಂಡರು. ಅತ್ತೆ ಎಣಿಸಿದ್ದು ಅಪಘಾತವಾದ ಮನೆಗಳನ್ನು ಮಾತ್ರ. ಏನೂ ಆಗದ ಮನೆಗಳನ್ನು ಯಾರು ಎಣಿಸಿದರು?

ನಾನು ಎಣಿಸಲು ಹೋದೆ. ಒಂದು ಭಾನುವಾರ ಒಬ್ಬಳೇ ರೈಲು ಹತ್ತಿ ಲೈನಿಗೆ ಹೋಗಿ ಮನೆ ಮನೆಗೆ ಕೇಳಿದೆ. ಅವತ್ತು ನೀವೂ ಹಾಕಿಕೊಂಡಿರಲ್ಲ, ಬಂದು ಹಿರಿಯರ ಮುಂದೆ ಅಷ್ಟು ಹೇಳಿ ಸಾಕು. ಮೊದಲ ಮನೆಯಾಕೆ ತನಗೆ ಅವತ್ತು ಜ್ವರ ಎಂದಳು. ಎರಡನೆಯವಳು ಒಲೆ ಊದುತ್ತ ಕೂತವಳು ತಲೆ ಎತ್ತಲಿಲ್ಲ. ಮೂರನೆಯವಳು ನನಗೆ ಕಾಫಿ ಕೊಟ್ಟು ಅಕ್ಕನನ್ನು ಬಾಯಿ ತುಂಬ ಹೊಗಳಿ ಕಳಿಸಿದಳು. ಕೊನೆಗೆ ಅಕ್ಕನ ಪಕ್ಕದ ಮನೆಗೆ ಹೋದೆ. ಅಲ್ಲಿದ್ದಾಕೆ ತಮಿಳಿನವಳು, ಅಕ್ಕನ ಹೆರಿಗೆಯಲ್ಲಿ ಅಮ್ಮ ಬಂದು ಸೇರುವ ತನಕ ಕೈ ಹಿಡಿದುಕೊಂಡಿದ್ದವಳು. ಅವತ್ತು ಬೆಳಿಗ್ಗೆ ನಮ್ಮ ಸೀಗೆಪುಡಿಯನ್ನೇ ಒಂದು ಹಿಡಿ ತೆಗೆದುಕೊಂಡು ಹೋಗಿದ್ದಳು. ಅವಳು ಸುಳ್ಳು ಹೇಳಲಿಲ್ಲ.

"ವೇಣಾಂ ಕಣ್ಣು, ಬೇಡಮ್ಮ," ಎಂದಳು. "ನಾನ್ ಬಂದು ಆ ಮಾತು ಏಳ್ತೀನಿ ಅಂತಿಟ್ಕೋ. ನಾಳೆ ಏಳ್ಗಂಟೆಗೆ ನನ್ ಗಂಡ ಕೆಳಗೆ ಇಳೀಬೇಕು. ಇಳೀಬೇಕಾ ಬೇಡ್ವಾ, ನೀನೇ ಏಳು."

ನೀನು ಹಾಕಿಕೊಂಡ ದಿನವೆಲ್ಲ ಅವನು ಇಳಿದು ಹತ್ತಿ ಬಂದಿದ್ದಾನಲ್ಲ, ಅದೇ ಅಲ್ಲವೇ ನಾನು ಹೇಳುತ್ತಿರುವುದು ಎಂದೆ. ಅವಳು ನನ್ನ ಕೆನ್ನೆ ಸವರಿದಳು. ಹಾಕಿಕೊಂಡದ್ದಕ್ಕೆ ಏನೂ ಆಗಿಲ್ಲ, ಹಾಕಿಕೊಂಡೆ ಎಂದು ಹೇಳಿದ್ದಕ್ಕೆ ಆದರೆ ಏನು ಮಾಡಲಿ ಎಂದಳು. ಮೇಷ್ಟ್ರ ಪ್ರಶ್ನೆಗಳಲ್ಲಿ ಇಂಥ ಉತ್ತರ ಬಂದಿರಲಿಲ್ಲ.

ಹಿರಿಯರು ಸೇರಿದ್ದು ಅತ್ತೆಯ ಮನೆಯ ಜಗಲಿಯಲ್ಲಿ. ಐದು ಜನ ಗಂಡಸರು, ಅವರಲ್ಲಿ ದೊಡ್ಡವರು ಅತ್ತೆಯ ಗಂಡನ ಅಣ್ಣ. ನಮ್ಮ ಕಡೆಯಿಂದ ಅಪ್ಪ, ಅಮ್ಮ, ನಾನು. ಅಕ್ಕ ಬಾಗಿಲ ಪಕ್ಕದಲ್ಲಿ ಗೋಡೆಗೆ ತಿರುಗಿ ಕೂತಿದ್ದಳು. ಮಗು ಒಳಗೆ ಅತ್ತೆಯ ಮಗಳ ಹತ್ತಿರ ಇತ್ತು, ಆಗಾಗ ಅದರ ಮಾತು ಕೇಳುತ್ತಿತ್ತು. ಅತ್ತೆ ತನ್ನ ಮಾತು ಹೇಳಿದಳು. ಮಗನನ್ನು ಕಳೆದುಕೊಂಡವಳು, ನಡು ನಡುವೆ ಉಸಿರು ಸಿಕ್ಕದೆ ನಿಲ್ಲಿಸುತ್ತಿದ್ದಳು. ಅದನ್ನು ನಾನು ಮರೆತಿಲ್ಲ. ಅದರಿಂದ ನನ್ನ ಸಿಟ್ಟು ಕಡಿಮೆಯಾಗಿಯೂ ಇಲ್ಲ. ನಮ್ಮಪ್ಪ ಕೈ ಮುಗಿದು, ಮಗು ತಾಯಿ ಹತ್ರ ಇರ್ಲಿ, ನಿಮ್ ಕಾಲಿಗ್ ಬೀಳ್ತೀನಿ ಎಂದಷ್ಟೇ ಹೇಳಿದರು. ಅವರಿಗೆ ಬೇರೆ ವಾದ ಗೊತ್ತಿರಲಿಲ್ಲ.

ನಾನು ಎದ್ದು ನಿಂತೆ. ಹುಡುಗಿ ಮಾತಾಡುವುದೇ ಎಂದು ಒಬ್ಬರು ಗೊಣಗಿದರು. ಮಾತಾಡಲಿ ಬಿಡಿ ಎಂದು ದೊಡ್ಡವರು ಹೇಳಿದರು. ನಾನು ಬೋರ್ಡಿನ ಮುಂದೆ ನಿಂತವಳ ಹಾಗೆ ಹೇಳಿದೆ. ಮೊದಲು ಮನೆ ಅದುರಿತು, ಡಬ್ಬಿಯ ಮುಚ್ಚಳ ಬಿತ್ತು. ಅಕ್ಕನ ತಲೆ ಆಗ ಒಣಗಿಯೇ ಇತ್ತು. ಆಮೇಲೆ ನಾನು ನೀರು ಹಾಕಿದೆ. ಭಾವ ಹೋದದ್ದು ಮನೆ ಅದುರಿದ ಆ ಹೊಡೆತದಲ್ಲಿಯೇ ಎಂದು ಗಣಿ ಕಂಪನಿ ಕೊಟ್ಟ ಕಾಗದದಲ್ಲಿ ಬರೆದಿದೆ. ಹೋದ ಮೇಲೆ ಹಾಕಿದ ನೀರಿನಿಂದ ಅವರು ಹೋಗುವುದು ಹೇಗೆ?

ದೊಡ್ಡವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. ಗೆದ್ದೆ ಎಂದುಕೊಂಡೆ. ಅಷ್ಟು ಹೊತ್ತು, ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು, ನಿಜವಾಗಿ ಹಾಗೆ ಅಂದುಕೊಂಡೆ.

ಅತ್ತೆ ನನ್ನ ಕಡೆ ನೋಡಲಿಲ್ಲ. ಹಿರಿಯರ ಕಡೆ ತಿರುಗಿ ಹೇಳಿದಳು: "ಅಂಗಾರೆ ನೆಲ ಅದುರಿದ್ ಮ್ಯಾಲೆ ಕುಂತು ತಲೆಗ್ ನೀರ್ ಆಕ್ಕೊಂಡ್ಳು. ಗಂಡ ನೆಲದೊಳ್ಗೆ ಅವ್ನೆ, ನೆಲ ಅದುರ್ತದೆ, ಇವ್ಳು ಸೀಗೇಪುಡಿ ಕಲಸ್ಕೊಂಡು ಕುಂತವ್ಳೆ. ಇದ ನಾನ್ ಏಳ್ತಿಲ್ಲ ಕಣ್ರಪ್ಪ. ಒಡುಟ್ಟಿದ್ ತಂಗೀನೇ ಏಳ್ತವ್ಳೆ."

ಆ ಹಳ್ಳಿಯಲ್ಲಿ ನೆಲ ಅದುರುವುದಿಲ್ಲ. ಅದು ಲೈನಿನಲ್ಲಿ ಎಷ್ಟು ಸಲ ಅದುರುತ್ತದೆ, ಪ್ರತಿ ಸಲವೂ ಕೆಲಸ ಬಿಟ್ಟು ಕೂತರೆ ಒಲೆ ಹಚ್ಚುವ ಹಾಗೇ ಇಲ್ಲ ಎಂಬುದು ಆ ಐವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಅದನ್ನು ಹೇಳಲು ಹೋದೆ. ಅಲ್ಲಿಯವರೆಗೆ ಅಕ್ಕ ತಪ್ಪು ಮಾಡಿದವಳಾಗಿದ್ದಳು, ನನ್ನ ಒಂದು ಮಾತಿನಿಂದ ಕರುಳಿಲ್ಲದವಳಾದಳು. ಅಮ್ಮ ನನ್ನ ಲಂಗದ ಅಂಚು ಹಿಡಿದು ಎಳೆದಳು.

ಕೂರಲಿಲ್ಲ ನಾನು. ಎರಡನೆಯ ವಾದವನ್ನು ತೆಗೆದೆ. ಅಕ್ಕ ಒಬ್ಬಳೇ ಅಲ್ಲ, ಅವತ್ತು ಆ ಸಾಲಿನ ಹೆಂಗಸರೆಲ್ಲ ಹಾಕಿಕೊಂಡಿದ್ದರು, ನೀರು ಬಂದ ಶುಕ್ರವಾರವೆಲ್ಲ ಹಾಕಿಕೊಳ್ಳುತ್ತಾರೆ ಎಂದೆ. ಇದಕ್ಕೆ ಅತ್ತೆಯ ಮುಖ ನಿಜವಾಗಿ ಬದಲಾಯಿತು. ದೊಡ್ಡವರು ಮುಂದಕ್ಕೆ ಬಾಗಿದರು. "ಯಾರ್ಯಾರು? ಒಬ್ಳ ಎಸ್ರು ಏಳು ಸಾಕು. ನಾವೇ ಓಗಿ ಕೇಳ್ತೀವಿ."

ಪಕ್ಕದ ಮನೆಯಾಕೆಯ ಹೆಸರು ನನ್ನ ಬಾಯಲ್ಲಿತ್ತು. ಹೇಳಿಬಿಡುತ್ತಿದ್ದೆ. ಅವಳು ಬೇಡವೆಂದಿದ್ದರೂ ಹೇಳಿಬಿಡುತ್ತಿದ್ದೆ, ನನಗೆ ಮಗು ಬೇಕಾಗಿತ್ತು. ಆಗ ಅಕ್ಕ ಗೋಡೆಯ ಕಡೆಯಿಂದ ತಿರುಗಿದಳು. ಅವತ್ತು ಅವಳು ಆಡಿದ್ದು ಇಷ್ಟೇ.

"ಇಲ್ಲ. ಆಕ್ಕೊಂಡಿದ್ದು ನಾನೊಬ್ಳೇ. ಇವ್ಳಿಗ್ ಗೊತ್ತಿಲ್ಲ."

ದೊಡ್ಡವರು ಎಲೆಯಡಿಕೆ ಉಗಿದು ಬಂದು ಕೂತರು. ಹುಡುಗಿಯ ಮಾತಿನಲ್ಲಿ ಲೆಕ್ಕ ಇದೆ, ನೀರಿಗೂ ಬಂಡೆಗೂ ಏನು ಸಂಬಂಧವೋ ದೇವರಿಗೆ ಗೊತ್ತು ಎಂದರು. ಹೌದು, ಹಾಗೆಂದೇ ಹೇಳಿದರು. ಆದರೂ ಮಗು ಇಲ್ಲೇ ಇರಲಿ, ವಂಶದ್ದು ಎಂದರು. ಮುಂದೆ ಅತ್ತೆಯ ಮಗಳ ಮಗನಿಗೇ ಕೊಟ್ಟು ಸೋದರ ಸಂಬಂಧದ ಮೇನರಿಕ ಮಾಡಿದರೆ ಎಲ್ಲಿಯೂ ಹೋದ ಹಾಗಾಗುವುದಿಲ್ಲ ಎಂದರು. ಎಲ್ಲರೂ ತಲೆಯಾಡಿಸಿದರು. ಅಂದರೆ ಅದು ಮೊದಲೇ ಮಾತಾಗಿತ್ತು. ಮಗುವನ್ನು ಇಟ್ಟುಕೊಳ್ಳುವುದು ತೀರ್ಮಾನವಾದ ಮೇಲೆ ಅದಕ್ಕೊಂದು ಕಾರಣ ಬೇಕಾಗಿತ್ತು, ಅಕ್ಕನ ಒದ್ದೆ ಕೂದಲು ಸಿಕ್ಕಿತು. ನಾನು ಒಂದು ತಿಂಗಳು ನಿದ್ದೆಗೆಟ್ಟು ಕಿತ್ತುಹಾಕಿದ್ದು ಮನೆಗೆ ಆಧಾರವೇ ಅಲ್ಲದ ಒಂದು ಕಂಬವನ್ನು.

ಬಸ್ ನಿಲ್ಲುವ ಜಾಗದ ತನಕ ಅಕ್ಕ ಮುಂದೆ ಮುಂದೆ ನಡೆದಳು. ನಾನು ಓಡಿ ಹಿಡಿದುಕೊಂಡು ಬೈದೆ. ಹಿರಿಯಳು ಎಂದು ನೋಡದೆ ಬೈದೆ. ನಿನ್ನ ಮಗುವನ್ನು ನೀನೇ ಕೊಟ್ಟು ಬಂದೆ, ಒಂದು ಹೆಸರು ಹೇಳಿದ್ದರೆ ಸಾಕಾಗಿತ್ತು, ನೀನೂ ಅದನ್ನು ನಂಬುತ್ತೀಯಾ ಎಂದು ಕೇಳಿದೆ. ಅವಳು ನಿಂತಳು.

"ಅವರ್ ಗಂಡಂದ್ರು ಇನ್ನೂ ಕೆಳಕ್ಕೆ ಇಳೀತಾರಲ್ಲೇ," ಎಂದಳು. "ನಾಳೆ ಒಬ್ಬನಿಗೆ ಏನಾನ ಆದ್ರೆ, ಎಸ್ರು ಏಳಿದ್ವಲ್ಲ, ಅವ್ಳನ್ನೂ ಇಂಗೇ ತಂದು ಗೋಡೆ ತಾವ್ ಕೂರಿಸ್ತಾರೆ."

ನನಗಿಂತ ಅವಳು ಮುಂದೆ ನೋಡಿದ್ದಳು. ನಾಲ್ಕನೆಯ ತರಗತಿಗೆ ಸ್ಕೂಲು ಬಿಟ್ಟವಳು. ಅದಕ್ಕೆ ಅವಳ ಮೇಲೆಯೇ ಸಿಟ್ಟಾದೆ, ಬಂಗಾರಪೇಟೆ ಬರುವ ತನಕ ಬೇರೆ ಸೀಟಿನಲ್ಲಿ ಕೂತೆ. ಇದನ್ನು ಬರೆಯುವುದು ಕಷ್ಟ. ಅವಳು ಮಗುವನ್ನು ಬಿಟ್ಟು ಬಂದ ಮೊದಲ ಬಸ್ಸಿನಲ್ಲಿ ನಾನು ಅವಳ ಪಕ್ಕದಲ್ಲಿ ಕೂರಲಿಲ್ಲ.

ರಜೆ ಮುಗಿದು ಎಷ್ಟೋ ದಿನವಾಗಿತ್ತು. ಸ್ಕೂಲಿಗೆ ಹೋದಾಗ ಮೇಷ್ಟ್ರು ವಿಷಯ ಕೇಳಿ ತಿಳಿದುಕೊಂಡು, ನಿನ್ನ ತರ್ಕದಲ್ಲಿ ತಪ್ಪಿಲ್ಲಮ್ಮ ಎಂದರು. ಒಳ್ಳೆಯ ಮನುಷ್ಯ, ಸಮಾಧಾನಕ್ಕೆ ಹೇಳಿದ್ದು. ನಿಮ್ಮ ಪುಸ್ತಕದಲ್ಲಿ ವಾದ ಮುರಿದುಬಿದ್ದವನು ಆಮೇಲೆ ಏನು ಮಾಡುತ್ತಾನೆ ಸಾರ್ ಎಂದು ಕೇಳಿದೆ. ಪುಸ್ತಕದಲ್ಲಿ ಅವನು ಇರುವುದಿಲ್ಲ, ವಾದ ಮಾತ್ರ ಇರುತ್ತದೆ ಎಂದರು.

ಅಕ್ಕ ಬಂಗಾರಪೇಟೆಯಲ್ಲಿ ಹುಣಸೆ ಮಂಡಿಯ ಕೆಲಸಕ್ಕೆ ಸೇರಿದಳು. ಹಣ್ಣು ಕುಟ್ಟಿ ಬೀಜ ತೆಗೆಯುವುದು. ಬೆರಳ ಸಂದಿಯೆಲ್ಲ ಹುಳಿಗೆ ಬಿರಿಯುತ್ತಿತ್ತು. ಹಬ್ಬ ಹುಣ್ಣಿಮೆಗೆ ಹಳ್ಳಿಗೆ ಹೋಗಿ ಮಗುವನ್ನು ನೋಡಿ ಬರುತ್ತಿದ್ದಳು. ಮೊದಮೊದಲು ಮಗು ಮನೆಯಲ್ಲಿ ಇಲ್ಲ ಎಂದು ಕಳಿಸುತ್ತಿದ್ದರು. ಆಮೇಲೆ ಜಗಲಿಯ ತನಕ ಬಿಟ್ಟರು. ನಮ್ಮ ಮನೆಯಲ್ಲಿ ಅವಳಿಗೆ ಯಾವ ಕಟ್ಟುಪಾಡೂ ಇರಲಿಲ್ಲ, ಸ್ಟೇಷನ್ನಿನ ತೊಟ್ಟಿಯಲ್ಲಿ ಬೇಕಾದಷ್ಟು ನೀರಿತ್ತು. ಆದರೂ ಅವಳು ಹಗಲಿನಲ್ಲಿ ತಲೆಗೆ ನೀರು ಹಾಕಿಕೊಳ್ಳಲಿಲ್ಲ. ಹೊತ್ತು ಮುಳುಗುವ ತನಕ ಕಾಯುತ್ತಿದ್ದಳು. ಯಾರು ಬರಬೇಕು ಎಂದು ಕಾಯುತ್ತೀಯಾ ಎಂದು ಒಮ್ಮೆ ಕೇಳಿಬಿಟ್ಟೆ. ಅಮ್ಮ ನನಗೆ ಹೊಡೆದಳು.

ನಾಲ್ಕು ವರ್ಷ ಹೀಗೆ ಹೋಯಿತು. ಒಂದು ಯುಗಾದಿಗೆ ನಾನೂ ಅಕ್ಕನ ಜೊತೆ ಹಳ್ಳಿಗೆ ಹೋದೆ. ಮಗುವಿಗೆ ಏಳು ವರ್ಷ. ಭಾವನದೇ ಹಣೆ, ಭಾವನದೇ ಕಿವಿ. ನಾವು ತಂದಿದ್ದ ಲಂಗವನ್ನು ಮಡಿಲಲ್ಲಿ ಇಟ್ಟುಕೊಂಡು, ಅದರ ಜರಿಯನ್ನು ಉಗುರಲ್ಲಿ ಕೆರೆಯುತ್ತ, ಅಮ್ಮನ ಮುಖ ನೋಡದೆ ಕೇಳಿತು:

"ನೀನ್ ತಲೆಗ್ ನೀರ್ ಆಕ್ಕೊಂಡಿದ್ಕೇ ಅಪ್ಪ ಸತ್ತೋಯ್ತಂತೆ. ಔದಾ?"

ಮಗುವಿನ ದನಿಯಲ್ಲಿ ಸಿಟ್ಟು ಇರಲಿಲ್ಲ. ತಿಳಿದುಕೊಳ್ಳಲು ಕೇಳಿದ್ದು. ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಇಲ್ಲ ಎಂದು ಅಕ್ಕ ಹೇಳಬೇಕಾಗಿತ್ತು. ಆ ಒಂದು ಮಾತು ಸಾಕಾಗಿತ್ತು, ಅದನ್ನು ಕೇಳಲು ಕೂತಿದ್ದ ಮಗು ಅದು. ಅಕ್ಕ ಮಗುವಿನ ಕೂದಲು ಹಿಂದಕ್ಕೆ ಸರಿಸಿ, ಎಣ್ಣೆ ಹಚ್ಚುತ್ತಾರಾ ಎಂದು ಕೇಳಿದಳು. ನಾನು ಬಾಯಿ ತೆರೆದೆ. ಅಕ್ಕ ನನ್ನ ಮಣಿಕಟ್ಟು ಹಿಡಿದು ಉಗುರು ಊರಿದಳು. ಹೇಳಿದರೆ ಇನ್ನು ಮೇಲೆ ಜಗಲಿಗೂ ಬಿಡುವುದಿಲ್ಲ ಎಂದು ಆಮೇಲೆ ದಾರಿಯಲ್ಲಿ ಹೇಳಿದಳು. ಜಗಲಿ ಉಳಿಸಿಕೊಳ್ಳಲು ಆ ಮಾತನ್ನು ಬಿಟ್ಟಳು.

ಅದಾದ ಮರುವರ್ಷ ನಾನು ಟೀಚರ್ ಟ್ರೈನಿಂಗಿನ ಆಯ್ಕೆ ಪರೀಕ್ಷೆಗೆ ಕೂತೆ. ಬುದ್ಧಿಶಕ್ತಿ ಪರೀಕ್ಷೆ ಎಂಬ ಪತ್ರಿಕೆ ಒಂದಿತ್ತು. ಅದರಲ್ಲಿ ಒಂದು ಪ್ರಶ್ನೆ. ಒಂದು ಊರಿನಲ್ಲಿ ಹೊಸ ಸೇತುವೆ ಕಟ್ಟಿದ ವರ್ಷ ರಾಗಿಗೆ ರೋಗ ಬಂತು. ಸೇತುವೆಯೇ ಕಾರಣ ಎಂದು ಊರವರು ಹೇಳುತ್ತಾರೆ. ಕೆಳಗಿನ ಯಾವ ಸಂಗತಿ ಈ ವಾದವನ್ನು ಎಲ್ಲಕ್ಕಿಂತ ಹೆಚ್ಚು ದುರ್ಬಲಗೊಳಿಸುತ್ತದೆ? ಸೇತುವೆ ಬಹಳ ಗಟ್ಟಿಯಾಗಿತ್ತು. ಊರವರು ಸೇತುವೆಗೆ ಒಪ್ಪಿರಲಿಲ್ಲ. ಸೇತುವೆಯ ಕೆಲಸ ಶುರುವಾಗುವ ಮೊದಲೇ ರೋಗ ಕಾಣಿಸಿತ್ತು. ರಾಗಿಯ ಬೆಲೆ ಏರಿತ್ತು.

ಮೂರನೆಯದಕ್ಕೆ ಗುರುತು ಹಾಕಿದೆ. ಹಾಕುವಾಗ ಪೆನ್ನಿನ ಮೊನೆ ಕಾಗದದಲ್ಲಿ ತೂತು ಮಾಡಿತು. ಪಕ್ಕದ ಬೆಂಚಿನ ಹುಡುಗಿ ನನ್ನನ್ನು ನೋಡಿದಳು. ಸರಿಯುತ್ತರಕ್ಕೆ ಸಿಗುವುದು ಸಿಕ್ಕಿತು, ಟ್ರೈನಿಂಗಿಗೆ ಆಯ್ಕೆಯಾದೆ, ಟೀಚರಾದೆ. ಆ ಪ್ರಶ್ನೆ ಬರೆದವರು ಯಾರೋ ಗೊತ್ತಿಲ್ಲ. ಅವರ ಮೇಲೂ ನನಗೆ ಸಿಟ್ಟಿದೆ, ಅದು ನ್ಯಾಯವಲ್ಲ ಎಂದು ಗೊತ್ತಿದ್ದೂ ಇದೆ. ಆ ಊರಿನಲ್ಲಿ ಸೇತುವೆ ಕಟ್ಟಿದವನೊಬ್ಬ ಇರುತ್ತಾನೆ, ಅವನ ಮನೆಯ ಮುಂದೆ ಊರು ಬಂದು ನಿಂತಿರುತ್ತದೆ. ಮೂರನೆಯ ಸಂಗತಿಯನ್ನು ಹೊರಗೆ ಹೋಗಿ ಅವರಿಗೆ ಹೇಳುವವರು ಯಾರು? ಹೇಳಿದರೆ, ಅಂಗಾರೆ ರೋಗ ಕಂಡ ಮ್ಯಾಲೂ ಸೇತುವೆ ಕಟ್ಟಿದ್ಯಾ ಎಂದು ಕೇಳುವವರಿಗೆ ಏನು ಉತ್ತರ?

ನಾನು ಟೀಚರಾದ ಮೇಲೆ ಮಕ್ಕಳಿಗೆ ಅಂಥ ಪ್ರಶ್ನೆಗಳನ್ನು ಕೊಟ್ಟಿದ್ದೇನೆ. ಗೇಟಿನ ಪ್ರಶ್ನೆಯನ್ನೂ ಕೊಟ್ಟಿದ್ದೇನೆ, ಮಕ್ಕಳು ನಗುತ್ತಾರೆ. ಕೊಡಬಾರದು ಎಂದು ನನಗೆ ಅನ್ನಿಸಿಲ್ಲ. ಅತ್ತೆಯ ಮಾತು ತಪ್ಪು ಎಂದು ನನಗೆ ಗೊತ್ತಾದದ್ದು ಆ ಪ್ರಶ್ನೆಗಳಿಂದಲೇ. ಅದು ಗೊತ್ತಿಲ್ಲದೆ ಇದ್ದಿದ್ದರೆ ನಾನೂ ಮನಸ್ಸಿನ ಮೂಲೆಯಲ್ಲಿ ಅಕ್ಕನನ್ನು ಅನುಮಾನಿಸುತ್ತಿದ್ದೆ, ನಮ್ಮಮ್ಮ ಕೊನೆಯ ತನಕ ಅನುಮಾನಿಸಿದ ಹಾಗೆ. ಅಮ್ಮ ಬಾಯಿಬಿಟ್ಟು ಹೇಳಲಿಲ್ಲ. ಯಾಕಾದ್ರೂ ಅವತ್ತೇ ಆಕ್ಕೊಂಡ್ಳೋ ಎಂದು ಬೀಸುವ ಕಲ್ಲಿನ ಮುಂದೆ ಗೊಣಗುತ್ತಿದ್ದಳು. ಅಕ್ಕ ಅದನ್ನು ಕೇಳಿಸಿಕೊಂಡು ಮೊರ ತೆಗೆದುಕೊಂಡು ಹೊರಗೆ ಹೋಗುತ್ತಿದ್ದಳು.

ಮಗುವಿಗೆ ಹದಿನಾರಕ್ಕೆ ಮದುವೆಯಾಯಿತು, ಹಿರಿಯರು ಹೇಳಿದ್ದ ಹುಡುಗನ ಜೊತೆಯೇ. ಅಕ್ಕನಿಗೆ ಕರೆ ಬಂತು. ಧಾರೆಯ ಹೊತ್ತಿಗೆ ವಿಧವೆ ಎಂದು ಹಿಂದೆ ನಿಲ್ಲಿಸಿದರು. ಅವಳು ಅಲ್ಲಿಂದಲೇ ಅಕ್ಷತೆ ಹಾಕಿದಳಂತೆ, ಯಾರ ಮೇಲೆ ಬಿತ್ತೋ ಕಾಣಲಿಲ್ಲ ಎಂದು ಬಂದು ಹೇಳಿದಳು. ಅದೇ ವರ್ಷದ ಚಳಿಗಾಲದಲ್ಲಿ ಜ್ವರ ಬಂದು ಎಂಟು ದಿನ ಮಲಗಿ ಹೋದಳು. ಮೂವತ್ತೈದು ವಯಸ್ಸು. ಹುಡುಗಿಗೆ ಹೇಳಿ ಕಳಿಸಿದೆವು. ಬಸುರಿ, ಬರುವ ಹಾಗಿಲ್ಲ ಎಂದು ಉತ್ತರ ಬಂತು. ಅದು ನಿಜವೂ ಇರಬಹುದು.

ಅಕ್ಕನ ಕೂದಲು ಬಾಚಿ ಕಟ್ಟಿದವಳು ನಾನು. ಅವಳನ್ನು ಎತ್ತಿಕೊಂಡು ಹೋದ ಮೇಲೆ ಎಲ್ಲರೂ ತಲೆಗೆ ನೀರು ಹಾಕಿಕೊಳ್ಳಬೇಕು ಎಂದರು. ನಾನು ಹಾಕಿಕೊಳ್ಳಲಿಲ್ಲ. ಊರು ಏನಾದರೂ ಅಂದುಕೊಳ್ಳಲಿ.

ತಿಂಗಳಾದ ಮೇಲೆ ಅವಳ ಮಗಳಿಗೆ ಕಾಗದ ಬರೆದೆ. ನಾಲ್ಕು ಪುಟ. ನಲ್ಲಿ ಯಾವಾಗ ಬರುತ್ತಿತ್ತು, ಡಬ್ಬಿಯ ಮುಚ್ಚಳ ಯಾವಾಗ ಬಿತ್ತು, ಚೊಂಬು ಯಾರ ಕೈಯಲ್ಲಿತ್ತು, ನಿಮ್ಮಮ್ಮ ಯಾರನ್ನು ಉಳಿಸಲು ಸುಮ್ಮನಿದ್ದಳು, ಎಲ್ಲವನ್ನೂ ಬರೆದೆ. ಹುಡುಗಿಗೆ ಓದಲು ಕಲಿಸಿಲ್ಲ ಎಂದು ಆಮೇಲೆ ತಿಳಿಯಿತು. ಅಲ್ಲಿ ಕಾಗದ ಓದಿ ಹೇಳುವುದು ಅವಳ ಗಂಡ, ಅಜ್ಜಿಯ ಮೊಮ್ಮಗ. ಎರಡು ಸಲ ನಾನೇ ಹೋದೆ. ಒಂದು ಸಲ ಬಾಣಂತಿ ಮಲಗಿದ್ದಾಳೆ ಎಂದರು. ಇನ್ನೊಂದು ಸಲ ಕಾಫಿ ಕೊಟ್ಟರು, ಅವಳು ಮಗುವನ್ನು ಎತ್ತಿಕೊಂಡು ಬಂದು ಎದುರಿಗೆ ಕೂತಳು, ಎದ್ದು ಹೊರಡುವ ತನಕ ಅವಳ ಅತ್ತೆ ಪಕ್ಕದಿಂದ ಕದಲಲಿಲ್ಲ.

ಅವಳ ಅಪ್ಪ ಸತ್ತದ್ದು ಅವಳ ಅಮ್ಮನಿಂದ ಅಲ್ಲ ಎಂದು ಅವಳಿಗೆ ಇನ್ನೂ ಯಾರೂ ಹೇಳಿಲ್ಲ.